ಯೇಸುವಿನ ಸಾಮ್ಯಗಳಿಗೆ ಟೀಕು ಹುಡುಕುವ ಮುನ್ನ

ದೋಣಿಯಲ್ಲಿ ಇದ್ದದ್ದು ಒಂದೇ ರೊಟ್ಟಿ. ಬೇರೆ ತರಲು ಶಿಷ್ಯರು ಮರೆತಿದ್ದರು. ಅಷ್ಟರಲ್ಲಿ ಯೇಸು, ಫರಿಸಾಯರೆಂಬ ಕಟ್ಟಾ ಯೆಹೂದ್ಯ ಪಂಗಡದವರ ಹುಳಿಹಿಟ್ಟಿನ ಬಗ್ಗೆ ಎಚ್ಚರವಾಗಿರಿ, ಗಲಿಲಾಯದ ಅಧಿಪತಿ ಹೆರೋದನ ಹುಳಿಹಿಟ್ಟಿನ ಬಗ್ಗೆಯೂ ಎಚ್ಚರ ಎಂದರು. ರೊಟ್ಟಿ ತಂದಿಲ್ಲವಲ್ಲ, ಅದಕ್ಕೇ ಹೀಗನ್ನುತ್ತಿದ್ದಾರೆ ಎಂದು ಶಿಷ್ಯರು ತಮ್ಮತಮ್ಮಲ್ಲೇ ಗುಸುಗುಸು ಶುರುಮಾಡಿದರು. ಸತ್ಯವೇದದ, ಅಂದರೆ ಬೈಬಲಿನ, ಮಾರ್ಕನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ಇದು ಬರುತ್ತದೆ. ಅದೇ ಅಧ್ಯಾಯದ ಆರಂಭದಲ್ಲಿ ಏಳು ರೊಟ್ಟಿಯಲ್ಲಿ ನಾಲ್ಕು ಸಾವಿರ ಜನ ಉಂಡು, ಏಳು ಬುಟ್ಟಿ ಮಿಕ್ಕಿದ್ದನ್ನು ಈ ಶಿಷ್ಯರೇ ಕೈಯಾರೆ ಎತ್ತಿಟ್ಟಿದ್ದರು. ಆದರೂ ಹುಳಿಹಿಟ್ಟು ಎಂದ ಕೂಡಲೇ ಅವರ ತಲೆ ಹೋದದ್ದು ಅಡುಗೆಮನೆಗೆ.

ಸುವಾರ್ತೆಗಳಲ್ಲಿ ಇಂಥ ಎಡವಟ್ಟುಗಳಿಗೆ ಬರವಿಲ್ಲ. ಮತ್ತೆ ಹುಟ್ಟಬೇಕು ಎಂದು ಯೇಸು ಹೇಳಿದರೆ, ಮುದುಕನಾದವನು ತಾಯಿಯ ಹೊಟ್ಟೆಯೊಳಗೆ ಹೋಗಲಾದೀತೇ ಎಂದು ನಿಕೊದೇಮ ಕೇಳುತ್ತಾನೆ. ಅವನೋ ಊರಿಗೇ ಬೋಧಕ. ಈ ದೇವಾಲಯವನ್ನು ಕೆಡವಿರಿ, ಮೂರು ದಿನದಲ್ಲಿ ಎಬ್ಬಿಸುತ್ತೇನೆ ಎಂದು ಯೇಸು ತಮ್ಮ ದೇಹದ ಬಗ್ಗೆ ಹೇಳಿದರೆ, ಇದನ್ನು ಕಟ್ಟಲು 46 ವರ್ಷ ಹಿಡಿದಿದೆಯಲ್ಲ ಎಂದು ಜನ ಲೆಕ್ಕ ಒಪ್ಪಿಸುತ್ತಾರೆ. ಎದುರಿಗೆ ಕೂತು ಕೇಳಿದವರ ಗತಿಯೇ ಇದಾದರೆ, ಎರಡು ಸಾವಿರ ವರ್ಷದ ಆಚೆ ಪುಣೆಯ ಫ್ಲ್ಯಾಟಿನಲ್ಲಿ ಕೂತು ಸತ್ಯವೇದ ಬಿಡಿಸುವ ನಮಗೆ ಅರ್ಥವಾಗುವುದು ತಡವಾದರೆ ನಾಚಿಕೆಪಡಬೇಕಾಗಿಲ್ಲ.

ಆದರೆ ನಮ್ಮ ತೊಂದರೆ ಅವರದರ ತಿರುಗುಮುರುಗು. ಪಿಂಪ್ರಿ, ದಾಪೋಡಿ, ಖಡಕಿ ಕಡೆಯ ಕನ್ನಡ ಮನೆಗಳಲ್ಲಿ ಭಾನುವಾರ ಸಂಜೆ ಹತ್ತಿಪ್ಪತ್ತು ಜನ ಕೂತು ಸತ್ಯವೇದದ ವಚನ ಓದುವಾಗ ಯಾರೂ ಹುಳಿಹಿಟ್ಟನ್ನು ಬರೀ ಹುಳಿಹಿಟ್ಟು ಎಂದುಕೊಳ್ಳುವುದಿಲ್ಲ. ಅಲ್ಲಿ ಎಲ್ಲದಕ್ಕೂ ಒಳಗೊಂದು ಅರ್ಥ ಇರಲೇಬೇಕು. ಎಣ್ಣೆ ಎಂದರೆ ಪವಿತ್ರಾತ್ಮ, ಕತ್ತೆ ಎಂದರೆ ಹಳೆಯ ಸ್ವಭಾವ, ಐದು ಎಂದರೆ ಇದು, ಏಳು ಎಂದರೆ ಅದು. ವಾಟ್ಸ್ಯಾಪಿನಲ್ಲಿ ದಿನಾ ಬೆಳಿಗ್ಗೆ ಬರುವ ಸಂದೇಶಗಳಂತೂ ಇಡೀ ಪಟ್ಟಿಯನ್ನೇ ಕೊಡುತ್ತವೆ.

ಇದಕ್ಕೆ ಕನ್ನಡದವರಾದ ನಮ್ಮಲ್ಲಿ ಒಂದು ಕಾರಣವೂ ಇದೆ ಎಂದು ನನ್ನ ಗುಮಾನಿ. ರೂಪಕ ನಮಗೆ ಹೊಸದಲ್ಲ. ತತ್ವಪದದಲ್ಲಿ ಮನೆಯ ಮಾಳಿಗೆ ಸೋರಿದರೆ ಯಾರೂ ಗೌಂಡಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಬೆಡಗಿನ ವಚನಗಳಿಗಂತೂ ಟೀಕು ಬರೆಯುವ ಪರಂಪರೆಯೇ ಇದೆ: ಕಪ್ಪೆ ಎಂದರೆ ಇಂಥದ್ದು, ಸರ್ಪ ಎಂದರೆ ಇಂಥದ್ದು ಎಂದು ಒಂದೊಂದನ್ನೂ ಬಿಡಿಸಿಟ್ಟರೆ ಒಗಟು ತೆರೆದುಕೊಳ್ಳುತ್ತದೆ. ಆ ಅಭ್ಯಾಸದಲ್ಲೇ ಯೇಸುವಿನ ಸಾಮ್ಯಗಳ, ಅಂದರೆ ದೃಷ್ಟಾಂತ ಕಥೆಗಳ, ಕಡೆ ಬಂದವರು ಇಲ್ಲೂ ಟೀಕು ಕೇಳುತ್ತಾರೆ. ಸಾಮ್ಯಗಳು ಹೆಚ್ಚಿನಂಶ ಬೆಡಗಲ್ಲ. ಅವುಗಳಲ್ಲಿ ಬರುವ ಕೂಲಿ, ಸಾಲ, ಬಿತ್ತನೆ, ಕಳೆದ ಕುರಿ ಕೇಳಿದವರಿಗೆ ದಿನನಿತ್ಯ ಕಂಡದ್ದೇ. ಒಗಟು ಇರುವುದು ವಸ್ತುಗಳಲ್ಲಲ್ಲ, ಕಥೆ ನಡೆಯುವ ರೀತಿಯಲ್ಲಿ.

ಪಟ್ಟಿ ಯಾಕೆ ಕೈಕೊಡುತ್ತದೆ ಎಂಬುದಕ್ಕೆ ಆ ಹುಳಿಹಿಟ್ಟೇ ಸಾಕ್ಷಿ. ದೋಣಿಯಲ್ಲಿ ಅದು ಕೆಡಿಸುವಂಥದ್ದು. ಕೊರಿಂಥದವರಿಗೆ ಬರೆಯುವಾಗ ಅಪೊಸ್ತಲ ಪೌಲನೂ ಹಳೆಯ ಹುಳಿಯನ್ನು ತೆಗೆದುಹಾಕಿ ಎನ್ನುತ್ತಾನೆ. ಪಸ್ಕಹಬ್ಬಕ್ಕೆ ಯೆಹೂದ್ಯರು ಮನೆಯಲ್ಲಿ ಹುಳಿಯ ಚೂರೂ ಉಳಿಸುವುದಿಲ್ಲ. ಆದರೆ ಮತ್ತಾಯ 13ರಲ್ಲಿ ಒಬ್ಬ ಹೆಂಗಸು ಮೂರು ಅಳತೆ ಹಿಟ್ಟಿನಲ್ಲಿ ಹುಳಿ ಅಡಗಿಸಿಡುತ್ತಾಳೆ, ಪರಲೋಕ ರಾಜ್ಯ ಹಾಗೆ ಎಂದು ಯೇಸು ಹೇಳುತ್ತಾರೆ. ಮೂರು ಅಳತೆ ಎಂದರೆ ಹತ್ತಿರಹತ್ತಿರ 40 ಲೀಟರ್ ಹಿಟ್ಟು, ನೂರು ಜನ ಉಂಡರೂ ಸಾಲುವಷ್ಟು. ಕೆಟ್ಟದ್ದಕ್ಕೆ ಬಳಸುತ್ತಿದ್ದ ವಸ್ತುವನ್ನೇ ತೆಗೆದು ಒಳ್ಳೆಯದಕ್ಕೆ ಹಿಡಿದಿದ್ದಾರೆ, ಅದೂ ಯಾವ ಮನೆಯಲ್ಲೂ ಒಂದು ಹೊತ್ತಿಗೆ ಕಲಸದಷ್ಟು ಹಿಟ್ಟಿನಲ್ಲಿ. ಕೇಳಿದ ಹೆಂಗಸರು ನಕ್ಕಿರಬೇಕು. ಸಿಂಹವೂ ಹಾಗೆಯೇ. ಪೇತ್ರನ ಪತ್ರದಲ್ಲಿ ಗರ್ಜಿಸುವ ಸಿಂಹ ಸೈತಾನ, ಪ್ರಕಟನೆಯಲ್ಲಿ ಯೂದಾ ಕುಲದ ಸಿಂಹ ಕ್ರಿಸ್ತ. ಬರೀ ಪಟ್ಟಿ ನೋಡಿ ಓದುವವನು ಇಲ್ಲಿ ಏನು ಮಾಡಬೇಕು?

ಹಾಗಾದರೆ ಓದುವುದು ಹೇಗೆ? ನನಗೆ ತಿಳಿದಂತೆ ಒಳ್ಳೆಯ ಮಾದರಿ ಹಳೆಯ ಒಡಂಬಡಿಕೆಯಲ್ಲಿದೆ, ಎರಡನೆಯ ಸಮುವೇಲ 12ರಲ್ಲಿ. ದಾವೀದ ಅರಸ ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ್ದಾನೆ. ಪ್ರವಾದಿ ನಾತಾನ ಬಂದು ಒಂದು ಕಥೆ ಹೇಳುತ್ತಾನೆ. ಶ್ರೀಮಂತನೊಬ್ಬನಿಗೆ ಬೇಕಾದಷ್ಟು ಕುರಿ ದನ. ಪಕ್ಕದ ಬಡವನಿಗೆ ಒಂದೇ ಹೆಣ್ಣು ಕುರಿಮರಿ, ಅವನ ತುತ್ತನ್ನೇ ತಿಂದು ಅವನ ಮಗ್ಗುಲಲ್ಲೇ ಮಲಗುತ್ತಿದ್ದದ್ದು. ನೆಂಟ ಬಂದಾಗ ಶ್ರೀಮಂತ ಆ ಬಡವನ ಮರಿಯನ್ನು ಕಿತ್ತು ಅಡುಗೆ ಮಾಡಿಸಿದ. ದಾವೀದ ಸಿಟ್ಟಿನಿಂದ ಅವನು ಸಾಯತಕ್ಕವನು ಎಂದು ತೀರ್ಪು ಕೊಡುತ್ತಾನೆ. ನಾತಾನ, ಆ ಮನುಷ್ಯ ನೀನೇ ಎನ್ನುತ್ತಾನೆ. ಕುರಿಮರಿ ಎಂದರೆ ಬತ್ಷೆಬೆ ಎಂದು ಬಿಡಿಸಿದರೆ ಕಥೆಯ ಅರ್ಧವೂ ಸಿಗಲಿಲ್ಲ. ಕೇಳುವವನ ಬಾಯಿಂದಲೇ ತೀರ್ಪು ಹೊರಡಿಸಿ ಆ ತೀರ್ಪನ್ನು ಅವನಿಗೇ ತಿರುಗಿಸುವುದು, ಕಥೆಯ ಕೆಲಸ ಅದು. ಹಾಗಾಗಿ ಸಾಮ್ಯವನ್ನು ಓದುವಾಗ ಮೊದಲು ನೋಡಬೇಕಾದದ್ದು ಯಾರು ಕೇಳುತ್ತಿದ್ದಾರೆ, ಕಥೆ ಎಲ್ಲಿ ಅವರ ಕಾಲಿಗೆ ತೊಡರುತ್ತದೆ ಎಂಬುದನ್ನು.

ಮತ್ತಾಯ 20ರ ದ್ರಾಕ್ಷಿತೋಟದ ಕೂಲಿಯಾಳುಗಳನ್ನು ತೆಗೆದುಕೊಳ್ಳಿ. ಯಜಮಾನ ಬೆಳಿಗ್ಗೆಯೇ ಹೋಗಿ ದಿನಕ್ಕೊಂದು ದಿನಾರಿ ಎಂದು ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗಿ ಕರೆತರುತ್ತಾನೆ. ದಿನದ ಕೊನೆಗೆ ಎಲ್ಲರಿಗೂ ಒಂದೇ ದಿನಾರಿ. ಬೆಳಿಗ್ಗೆಯಿಂದ ದುಡಿದವರು ಗೊಣಗುತ್ತಾರೆ. ಪ್ರಸಂಗಗಳಲ್ಲಿ ಸಂಜೆಯವರು ಎಂದರೆ ಸಾಯುವ ಹೊತ್ತಿಗೆ ನಂಬಿದವರು, ಅಲ್ಲಿಯವರೆಗೆ ಸುಮ್ಮನೆ ಕಾಲ ಕಳೆದವರು ಎಂದೇ ಕೇಳಿದ್ದೆವು.

ಪುಣೆಯಲ್ಲಿ ಇದನ್ನು ಓದುವಾಗ ಸಿಂದಗಿ ಕಡೆಯ ಹಿರಿಯರೊಬ್ಬರು ನಮ್ಮ ಜೊತೆ ಇದ್ದರು. ಸೆಂಟ್ರಿಂಗ್ ಕೆಲಸ ಮಾಡಿದವರು, ಬಂದ ಹೊಸದರಲ್ಲಿ ಎಷ್ಟೋ ವರ್ಷ ಮಜೂರ್ ಅಡ್ಡಾದಲ್ಲಿ, ದಿನಗೂಲಿಯವರು ಕೆಲಸಕ್ಕೆ ಕಾಯುವ ಜಾಗದಲ್ಲಿ, ನಿಂತವರು. ಅವರು ತಡೆದರು: “ಅಲ್ರೀ, ಸಂಜೀ ಐದರ ತನಕಾ ಅಡ್ಡಾದಾಗ ನಿಂತಾನಂದ್ರ ಅಂವ ಮೈಗಳ್ಳ ಹೆಂಗಾದಾನ್ರೀ? ಮೈಗಳ್ಳ ಹತ್ತಕ್ಕ ಮನೀಗಿ ಹೋಗಿರ್ತಾನ.” ಅಡ್ಡಾದಲ್ಲಿ ಬೆಳಿಗ್ಗೆ ಮೊದಲು ಟೆಂಪೊ ಹತ್ತುವವರು ಗಟ್ಟಿ ಹುಡುಗರು. ಆಮೇಲೆ ಉಳಿಯುವವರು ವಯಸ್ಸಾದವರು, ಕೆಮ್ಮುವವರು, ಬಗಲಲ್ಲಿ ಕೂಸಿರುವ ಹೆಂಗಸರು. ಸಂಜೆ ಬರಿಗೈಲಿ ಮನೆಗೆ ಹೋಗಲಾರದೆ ನಿಂತವರು. ಪಠ್ಯದಲ್ಲೂ ಅದೇ ಇದೆ, ನಾವೇ ಓದದೆ ದಾಟಿದ್ದೆವು. ಯಾಕೆ ಸುಮ್ಮನೆ ನಿಂತಿದ್ದೀರಿ ಎಂಬ ಯಜಮಾನನ ಪ್ರಶ್ನೆಗೆ ಅವರ ಉತ್ತರ: ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ.

ಇನ್ನೊಂದು ವಿವರವೂ ಅಲ್ಲೇ ಇದೆ. ಕೂಲಿ ಕೊಡುವಾಗ ಕೊನೆಗೆ ಬಂದವರಿಂದ ಶುರುಮಾಡು ಎಂದು ಯಜಮಾನ ಮೇಸ್ತ್ರಿಗೆ ಹೇಳುತ್ತಾನೆ. ಮೊದಲು ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ಮಾತಾಡಿದಷ್ಟು ದಿನಾರಿ ಎಣಿಸಿಕೊಂಡು ಖುಷಿಯಾಗಿ ಮನೆಗೆ ಹೋಗುತ್ತಿದ್ದರು, ಜಗಳವೇ ಇರುತ್ತಿರಲಿಲ್ಲ. ಅವರು ನಿಂತು ನೋಡಲೆಂದೇ ಸಾಲನ್ನು ತಿರುಗಿಸಿದ್ದಾನೆ. ಇದಕ್ಕೆ ಸ್ವಲ್ಪ ಹಿಂದೆ, 19ನೇ ಅಧ್ಯಾಯದ ಕೊನೆಯಲ್ಲಿ, ನಾವು ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತದೆ ಎಂದು ಶಿಷ್ಯ ಪೇತ್ರ ಕೇಳಿದ್ದಾನೆ. ಕಥೆ ಹೊರಟದ್ದು ಯಾರ ಕಡೆಗೆ ಎಂಬುದು ಈಗ ಕಾಣುತ್ತದೆ. ಅದು ಸಂಜೆ ಬಂದವರ ಬಗ್ಗೆ ಇರುವುದಕ್ಕಿಂತ, ಬೆಳಿಗ್ಗೆಯೇ ಬಂದು ಈಗ ಪಕ್ಕದವನ ಕೈಯನ್ನು ನೋಡುತ್ತಿರುವವರ ಬಗ್ಗೆ ಇದೆ. ಮೂವತ್ತು ವರ್ಷ ಸಭೆಯಲ್ಲಿ ಮುಂದಿನ ಸಾಲಲ್ಲಿ ಕೂತವರು ಇದನ್ನು ಓದಿ ಸಮಾಧಾನವಾಗಿ ಏಳುವುದಾದರೆ ಸರಿಯಾಗಿ ಓದಿಲ್ಲ.

ಕಥೆಯ ನೆಲವನ್ನು ತಿಳಿಯದೆ ತೊಡಕು ಕಾಣುವುದಿಲ್ಲ ಎಂಬುದಕ್ಕೆ ಮತ್ತಾಯ 18ರ ಸಾಲಗಾರನ ಕಥೆ ಇನ್ನೊಂದು ಉದಾಹರಣೆ. ಹತ್ತು ಸಾವಿರ ತಲಾಂತು ಎಂದು ಓದಿ ದಾಟಿಬಿಡುತ್ತೇವೆ, ದೊಡ್ಡ ಸಾಲ ಅಂದುಕೊಂಡು. ಒಂದು ತಲಾಂತು ಸುಮಾರು 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಅಲ್ಲಿಗೆ ಈ ಸಾಲ 6 ಕೋಟಿ ದಿನಗಳ ಕೂಲಿ. ಲೆಕ್ಕಕ್ಕೆ ಸುಲಭವಾಗಲೆಂದು ದಿನಗೂಲಿ 1,000 ರೂಪಾಯಿ ಹಿಡಿದರೆ 6,000 ಕೋಟಿ ರೂಪಾಯಿ. ಹೆರೋದ ಅಂತಿಪನಿಗೆ ಗಲಿಲಾಯ, ಪೆರಾಯ ಎರಡರಿಂದಲೂ ಸೇರಿ ವರ್ಷಕ್ಕೆ ಬರುತ್ತಿದ್ದ ಆದಾಯವೇ 200 ತಲಾಂತು ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂದರೆ ಸೀಮೆಯೊಂದರ ಐವತ್ತು ವರ್ಷದ ಕಂದಾಯವನ್ನು ಒಬ್ಬ ಸೇವಕ ತಿಂದು ಕೂತಿದ್ದಾನೆ. ಅಂಥವನು ಕಾಲಿಗೆ ಬಿದ್ದು, ಸ್ವಲ್ಪ ತಾಳಿ, ಎಲ್ಲಾ ತೀರಿಸುತ್ತೇನೆ ಎನ್ನುತ್ತಾನೆ! ಯಜಮಾನ ಕಂತು ಮಾಡಿಕೊಡುವುದಿಲ್ಲ, ಪೂರ್ತಿ ಬಿಟ್ಟುಬಿಡುತ್ತಾನೆ. ಹೊರಗೆ ಬಂದವನೇ ಈ ಮಹಾಶಯ ತನಗೆ ನೂರು ದಿನಾರಿ, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ, ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಒಂದು ಲಕ್ಷವೂ ಕಡಿಮೆಯಲ್ಲ, ಅದನ್ನು ಗಮನಿಸಬೇಕು. ನಮಗೆ ತಪ್ಪು ಮಾಡಿದವರು ಮಾಡಿದ್ದು ಏನೂ ಅಲ್ಲ ಎಂದು ಕಥೆ ಹೇಳುವುದಿಲ್ಲ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಪೇತ್ರ ಲೆಕ್ಕ ಹಿಡಿದದ್ದಕ್ಕೆ ಇದು ಉತ್ತರ.

ಇಷ್ಟು ಹೇಳಿದ ಮೇಲೆ ಟೀಕಿನ ಪಕ್ಷಕ್ಕೂ ಒಂದು ಮಾತು ಆಡಬೇಕು, ಯಾಕೆಂದರೆ ಅದು ವಾಟ್ಸ್ಯಾಪಿನಲ್ಲಿ ಹುಟ್ಟಿದ್ದಲ್ಲ. ಕಳ್ಳರು ಹೊಡೆದು ಬಿಸಾಡಿದವನನ್ನು ಯೆಹೂದ್ಯರಿಗೆ ಆಗದ ಸಮಾರ್ಯದವನೊಬ್ಬ ಎತ್ತಿ ಛತ್ರಕ್ಕೆ ಸೇರಿಸಿದ, ಒಳ್ಳೆಯ ಸಮಾರ್ಯದವನ ಕಥೆಯನ್ನು ಪ್ರಾಚೀನ ಸಭೆಯ ಗುರು ಸಂತ ಅಗಸ್ಟೀನ್ ಬಿಡಿಸಿದ್ದು ಹೀಗೆ: ದಾರಿಯಲ್ಲಿ ಹೋಗುತ್ತಿದ್ದವನು ಆದಾಮ, ಯೆರೂಸಲೇಮ್ ಅವನು ಕಳೆದುಕೊಂಡ ಸ್ವರ್ಗೀಯ ನಗರ, ಕಳ್ಳರು ಸೈತಾನ ಮತ್ತು ಅವನ ದೂತರು, ಸಮಾರ್ಯದವನು ಕ್ರಿಸ್ತ, ಛತ್ರ ಕ್ರೈಸ್ತ ಸಭೆ, ಛತ್ರದವನು ಪೌಲ. ಶತಮಾನಗಟ್ಟಲೆ ಸಭೆ ಹೀಗೆ ಓದಿ ಪೋಷಣೆ ಪಡೆದಿದೆ. 1888ರಲ್ಲಿ ಜರ್ಮನಿಯ ವಿದ್ವಾಂಸ ಅಡಾಲ್ಫ್ ಯೂಲಿಖರ್ ಇದನ್ನೆಲ್ಲ ಬದಿಗೆ ಸರಿಸಿ, ಒಂದು ಸಾಮ್ಯಕ್ಕೆ ಒಂದೇ ಹುರುಳು ಎಂದು ವಾದಿಸಿದ. ಆತನ ವಾದ ಓದಿನ ರೀತಿಯನ್ನೇ ಬದಲಿಸಿತು, ಆದರೆ ಅದೂ ಅತಿಯಾಯಿತು. ಬಿತ್ತುವವನ ಸಾಮ್ಯಕ್ಕೆ ಸುವಾರ್ತೆಯೇ ದಾರಿಬದಿ, ಬಂಡೆನೆಲ, ಮುಳ್ಳು, ಒಳ್ಳೆಯ ನೆಲ ಎಂದು ಒಂದೊಂದಕ್ಕೂ ಅರ್ಥ ಕೊಟ್ಟಿದೆಯಲ್ಲ.

ಅಗಸ್ಟೀನರ ಓದು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಮೊದಲೇ ಅಲ್ಲಿಗೆ ಹಾರಿದರೆ ಲೂಕ 10ರಲ್ಲಿ ಕಣ್ಣೆದುರೇ ನಡೆಯುತ್ತಿರುವುದು ತಪ್ಪಿಹೋಗುತ್ತದೆ. ನನ್ನ ನೆರೆಯವನು ಯಾರು ಎಂದು ಧರ್ಮಶಾಸ್ತ್ರಿ ಕೇಳಿದ್ದ. ಎಲ್ಲಿಯವರೆಗೆ ಪ್ರೀತಿಸಿದರೆ ಸಾಕು ಎಂಬ ಗಡಿಯ ಪ್ರಶ್ನೆ ಅದು. ಕಥೆ ಮುಗಿಸಿದ ಯೇಸು ಪ್ರಶ್ನೆಯನ್ನೇ ತಿರುಗಿಸುತ್ತಾರೆ: ಬಿದ್ದವನಿಗೆ ನೆರೆಯವನಾದದ್ದು ಯಾರು? ಸಮಾರ್ಯದವರ ಗೆರಿಜ್ಜೀಮ್ ಬೆಟ್ಟದ ದೇವಾಲಯವನ್ನು ಯೆಹೂದ್ಯರ ಅಧಿಪತಿ ಯೋಹಾನ ಹಿರ್ಕಾನ ಕ್ರಿ.ಪೂ. 2ನೇ ಶತಮಾನದ ಕೊನೆಯ ಹೊತ್ತಿಗೆ ಕೆಡವಿದ್ದ; ಆ ದ್ವೇಷ ಇನ್ನೂ ಆರಿರಲಿಲ್ಲ. ಧರ್ಮಶಾಸ್ತ್ರಿಗೆ 'ಸಮಾರ್ಯದವನು' ಎಂದು ಹೇಳಲು ನಾಲಿಗೆ ಏಳುವುದಿಲ್ಲ. ದಯೆ ತೋರಿಸಿದವನೇ ಎಂದು ಸುತ್ತುಬಳಸಿ ಹೇಳುತ್ತಾನೆ. ನಮ್ಮ ನಮ್ಮ ವಾಡಿಯಲ್ಲಿ, ಸೊಸೈಟಿಯಲ್ಲಿ ಯಾರ ಹೆಸರು ಹೀಗೆ ಬಾಯಿಗೆ ಬರುವುದಿಲ್ಲವೋ ಅಲ್ಲಿಂದ ಈ ಕಥೆ ಓದಬೇಕು.

ಅತಿಶಯೋಕ್ತಿಯ ವಿಷಯ ಬೇಗ ಹೇಳಿ ಮುಗಿಸಬಹುದು. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಸೂಜಿಕಣ್ಣಲ್ಲಿ ಒಂಟೆ ನುಗ್ಗುವುದು ಸುಲಭ ಎಂಬ ಮಾತನ್ನು ಮೆತ್ತಗೆ ಮಾಡಲು, ಯೆರೂಸಲೇಮಿನಲ್ಲಿ 'ಸೂಜಿಕಣ್ಣು' ಎಂಬ ಸಣ್ಣ ಬಾಗಿಲಿತ್ತು, ಒಂಟೆ ಹೊರೆ ಇಳಿಸಿ ಮಂಡಿಯೂರಿದರೆ ಒಳಗೆ ಹೋಗಬಹುದಿತ್ತು ಎಂದು ಪ್ರಸಂಗಗಳಲ್ಲಿ ಹೇಳುತ್ತಾರೆ. ಅಂಥ ಬಾಗಿಲಿಗೆ ಆ ಕಾಲದ ಯಾವ ಆಧಾರವೂ ಇಲ್ಲ. ಶಿಷ್ಯರು ಬೆಚ್ಚಿಬಿದ್ದು, ಹಾಗಾದರೆ ಯಾರಿಗೆ ರಕ್ಷಣೆಯಾದೀತು ಎಂದು ಕೇಳಿದ್ದೇ ಅದು ಆಗದ ಮಾತೆಂದು ಅವರಿಗೆ ತಿಳಿದಿತ್ತು ಎಂಬುದನ್ನು ತೋರಿಸುತ್ತದೆ. ಹಾಗೆಯೇ, ಬಲಗಣ್ಣು ಪಾಪಕ್ಕೆ ಕಾರಣವಾದರೆ ಕಿತ್ತುಹಾಕು ಎಂಬುದಕ್ಕೆ ಯಾರೂ ಕಣ್ಣು ಕೀಳುವುದಿಲ್ಲ. ತಮಾಷೆಯೆಂದರೆ, ರೂಪಕಾರ್ಥದ ಓದಿಗೆ ಹೆಸರಾದ ಪ್ರಾಚೀನ ಸಭೆಯ ಪಂಡಿತ ಓರಿಜೆನ್ ಯೌವನದಲ್ಲಿ ಮತ್ತಾಯ 19:12ನ್ನು ಅಕ್ಷರಶಃ ತೆಗೆದುಕೊಂಡು ತನ್ನನ್ನೇ ನಪುಂಸಕನನ್ನಾಗಿ ಮಾಡಿಕೊಂಡ ಎಂದು ಸಭೆಯ ಇತಿಹಾಸಕಾರ ಯೂಸೇಬಿಯಸ್ ಬರೆದಿದ್ದಾನೆ. ಈಗಿನ ಕೆಲವು ವಿದ್ವಾಂಸರು ಅದನ್ನು ನಂಬುವುದಿಲ್ಲ.

ಇದೆಲ್ಲ ಓದಿನ ಜಾಣ್ಮೆ. ಆದರೆ ತಿಳಿವಳಿಕೆಯಲ್ಲಿ ಬೆಳೆಯುವುದು ಎಂದರೆ ಅಷ್ಟೇ ಅಲ್ಲ, ಅದಕ್ಕೆ ಕಾಲ ಬೇಕು. ಯೋಹಾನ 4ರಲ್ಲಿ ಅದು ಒಂದೇ ಮಧ್ಯಾಹ್ನದಲ್ಲಿ ನಡೆದು ತೋರಿಸುತ್ತದೆ. ಬಾವಿಕಟ್ಟೆಯಲ್ಲಿ ಯೇಸು ಸಮಾರ್ಯದ ಹೆಂಗಸಿಗೆ ಜೀವಜಲ ಕೊಡುತ್ತೇನೆ ಎನ್ನುತ್ತಾರೆ. ಸೇದುವುದಕ್ಕೆ ನಿನ್ನ ಹತ್ತಿರ ಏನೂ ಇಲ್ಲ, ಬಾವಿಯೂ ಆಳವಾಗಿದೆ ಎಂಬುದು ಅವಳ ಉತ್ತರ. ಅವಳೂ ನಿಕೊದೇಮನಂತೆ ಮಾತನ್ನು ಇದ್ದಹಾಗೇ ಹಿಡಿದಿದ್ದಾಳೆ. ಆದರೆ ಅವಳು ಕೇಳುವುದನ್ನು ನಿಲ್ಲಿಸುವುದಿಲ್ಲ. ಮೊದಲಿಗೆ ಅವಳಿಗೆ ಎದುರಿನವನು ಒಬ್ಬ ಯೆಹೂದ್ಯ. ಆಮೇಲೆ ಅಯ್ಯಾ ಎನ್ನುತ್ತಾಳೆ. ಆಮೇಲೆ ಪ್ರವಾದಿ ಎಂದು ಕಾಣುತ್ತದೆ. ಕೊನೆಗೆ ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋಗಿ, ಈತ ಕ್ರಿಸ್ತನಿರಬಹುದೇ ಎಂದು ಜನರನ್ನೇ ಕೇಳುತ್ತಾಳೆ. ಆ ಹೊತ್ತಿಗೆ ಊಟ ತಂದ ಶಿಷ್ಯರು, ನಿಮಗೆ ತಿಳಿಯದ ಆಹಾರ ನನಗಿದೆ ಎಂಬ ಮಾತಿಗೆ, ಯಾರಾದರೂ ಊಟ ತಂದುಕೊಟ್ಟರೇ ಎಂದು ಪಿಸುಗುಟ್ಟುತ್ತಿದ್ದಾರೆ! ನಿಕೊದೇಮನಿಗೂ ಇಡೀ ಸುವಾರ್ತೆಯೇ ಬೇಕಾಯಿತು. 7ನೇ ಅಧ್ಯಾಯದಲ್ಲಿ ಅವನು ಅಳುಕುತ್ತಲೇ ಯೇಸುವಿನ ಪರ ಒಂದು ಮಾತಾಡುತ್ತಾನೆ, 19ರಲ್ಲಿ ಹೆಣದ ಸುಗಂಧಕ್ಕೆ ಬೋಳ ಅಗರು ಹೊತ್ತು ಬರುತ್ತಾನೆ.

ಪುಣೆಯವರು ಈ ಅಧ್ಯಾಯ ಓದುವಾಗ ಪಂಡಿತಾ ರಮಾಬಾಯಿಯವರನ್ನು ನೆನೆಯದಿರುವುದು ಕಷ್ಟ. 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ, ಬೆಳೆದದ್ದು ಊರೂರು ತಿರುಗಿ ಪುರಾಣ ಹೇಳುವ ಕುಟುಂಬದಲ್ಲಿ. ಇಂಗ್ಲೆಂಡಿನಲ್ಲಿ ಕ್ರೈಸ್ತ ಸಹೋದರಿಯರು, ಸಮಾಜ ಹೊರಗಿಟ್ಟ ಹೆಂಗಸರನ್ನು ಹತ್ತಿರ ಕರೆದು ನೋಡಿಕೊಳ್ಳುವುದನ್ನು ಕಂಡು, ಇದಕ್ಕೆ ಕಾರಣವೇನು ಎಂದು ಅವರು ಕೇಳಿದಾಗ, ಸಹೋದರಿಯೊಬ್ಬರು ಓದಿ ಹೇಳಿದ್ದು ಇದೇ ಸಮಾರ್ಯದ ಹೆಂಗಸಿನ ಪ್ರಸಂಗ. 1883ರಲ್ಲಿ ದೀಕ್ಷಾಸ್ನಾನವಾಯಿತು. ಆದರೆ ಎಂಟು ವರ್ಷವಾದ ಮೇಲೆ, ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತ ಇನ್ನೂ ಸಿಕ್ಕಿಲ್ಲ ಎಂಬುದು ಅರಿವಾಯಿತು ಎಂದು ಅವರೇ ಬರೆದುಕೊಂಡಿದ್ದಾರೆ. ಸಂಸ್ಕೃತದ ಸಭೆಗಳಲ್ಲಿ ಗೆದ್ದು 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಪಡೆದವರಿಗೆ ಬುದ್ಧಿಯ ಕೊರತೆ ಇರಲಿಲ್ಲ. ಮುಂದೆ ಪುಣೆ–ದೌಂಡ್ ರೈಲುದಾರಿಯ ಕೆಡಗಾಂವ್‌ನಲ್ಲಿ ದಿಕ್ಕಿಲ್ಲದ ಹೆಂಗಸರಿಗೆ ಆಸರೆಯಾದ ಮುಕ್ತಿ ಸದನ ಕಟ್ಟಿ, ಹೀಬ್ರೂ ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಇಡೀ ಸತ್ಯವೇದವನ್ನು ಅನುವಾದಿಸಿದರು. 1922ರಲ್ಲಿ ತೀರಿಕೊಂಡರು, ಪುಸ್ತಕ ಹೊರಬಂದದ್ದು 1924ರಲ್ಲಿ.

ಮಾರ್ಕ 4ರಲ್ಲಿ ಒಂದು ಕಷ್ಟದ ಮಾತಿದೆ: ನಿಮಗೆ ರಾಜ್ಯದ ಗುಟ್ಟು ಕೊಟ್ಟಿದೆ, ಹೊರಗಿನವರಿಗೆ ಎಲ್ಲವೂ ಸಾಮ್ಯವಾಗಿಯೇ ಇರುತ್ತದೆ, ಅವರು ಕಂಡರೂ ಕಾಣರು. ಯೇಸು ಪ್ರವಾದಿ ಯೆಶಾಯನಿಂದ ಎತ್ತಿಕೊಂಡ ಈ ಮಾತು ಎಷ್ಟೋ ಓದುಗರನ್ನು ಕಂಗೆಡಿಸಿದೆ. ಒಳಗಿನವರು ಯಾರು? ಅವರಿಗೂ ಅರ್ಥವಾಗಿರಲಿಲ್ಲ, ಮುಂದಿನ ವಚನದಲ್ಲೇ, ಬಿತ್ತುವವನ ಈ ಸಾಮ್ಯವೇ ತಿಳಿಯದಿದ್ದರೆ ಉಳಿದದ್ದು ಹೇಗೆ ತಿಳಿದೀತು ಎಂದು ಯೇಸು ಅವರನ್ನೇ ಗದರುತ್ತಾರೆ. ಜನರ ಗುಂಪಿಗೂ ಅವರಿಗೂ ಇದ್ದ ವ್ಯತ್ಯಾಸ, ಗುಂಪು ಚದುರಿದ ಮೇಲೂ ಉಳಿದು ಅವರು ಅರ್ಥ ಕೇಳಿದ್ದು.

ಉಳಿದು ಕೇಳಿದರೂ ಬಗ್ಗದ ಸಾಮ್ಯಗಳಿವೆ. ಲೂಕ 16ರ ಅನ್ಯಾಯದ ಮನೆವಾರ್ತೆಯವನು, ಅಂದರೆ ಯಜಮಾನನ ಆಸ್ತಿ ನೋಡಿಕೊಳ್ಳುವವನು, ಅಂಥವನು. ಕೆಲಸ ಹೋಗುತ್ತದೆಂದು ತಿಳಿದ ಕೂಡಲೇ ಯಜಮಾನನ ಸಾಲಗಾರರನ್ನು ಕರೆದು, ನೂರು ಬುದ್ದಲಿ ಎಣ್ಣೆಯ ಪತ್ರವನ್ನು ಐವತ್ತೆಂದು, ನೂರು ಅಳತೆ ಗೋದಿಯ ಪತ್ರವನ್ನು ಎಂಬತ್ತೆಂದು ತಿದ್ದಿಸುತ್ತಾನೆ. ಯಜಮಾನ ಅವನ ಜಾಣತನವನ್ನು ಹೊಗಳುತ್ತಾನೆ. ಅವನು ಬಿಟ್ಟದ್ದು ತನ್ನ ಕಮಿಷನ್ನನ್ನು ಎನ್ನುತ್ತಾರೆ ಕೆಲವರು. ಧರ್ಮಶಾಸ್ತ್ರ ಬೇಡವೆಂದ ಬಡ್ಡಿಯನ್ನು ಕಡಿದ ಎನ್ನುತ್ತಾರೆ ಇನ್ನು ಕೆಲವರು. ನನಗೆ ಎರಡೂ ಅವನನ್ನು ತೊಳೆದು ಮಡಿಮಾಡುವ ಯತ್ನವಾಗಿ ಕಾಣುತ್ತವೆ, ಲೂಕನಂತೂ ಅವನನ್ನು ಅನ್ಯಾಯಗಾರನೆಂದೇ ಕರೆದಿದ್ದಾನೆ. ಕೂಲಿಯಾಳುಗಳ ಮೇಲಿನ ಮುಕಾದಮರ ಮಸ್ಟರ್, ಅಂದರೆ ಹಾಜರಿ ಪುಸ್ತಕ, ನೋಡಿ ಬಲ್ಲ ನಮ್ಮ ಸಿಂದಗಿಯ ಹಿರಿಯರಿಗೆ ಅವನು ಯಾರೆಂದು ಹೇಳಿಕೊಡಬೇಕಾಗಿಯೇ ಇಲ್ಲ, ಅಂಥವನನ್ನು ಹೊಗಳಿದ್ದೇ ಅವರಿಗೆ ಒಪ್ಪಿಗೆಯಿಲ್ಲ. ಕಥೆ ಮುಗಿದ ಮೇಲೆ ಲೂಕ ಕೊಡುವ ಮಾತುಗಳೂ ಒಂದಲ್ಲ: ಬೆಳಕಿನ ಮಕ್ಕಳಿಗಿಂತ ಲೋಕದವರು ಜಾಣರು, ಹಣದಿಂದ ಸ್ನೇಹ ಗಳಿಸಿಕೊಳ್ಳಿ, ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲೂ ನಂಬಿಗಸ್ತ, ಇಬ್ಬರು ಯಜಮಾನರಿಗೆ ಸೇವೆ ಆಗದು. ನಮ್ಮ ಗುಂಪಿನಲ್ಲಿ ಅರ್ಧದಷ್ಟು ಜನ ಮೊದಲನೆಯದನ್ನು ಹಿಡಿದಿದ್ದಾರೆ, ಹಿರಿಯರು ಮೂರನೆಯದನ್ನು ಬಿಡುತ್ತಿಲ್ಲ.